ಹಾರುವ ಮುನ್ನ

ಹಳ್ಳಿಯ ಬಂಡಿಕಾರನು ದೂರದ ಊರಿಗೆ ಹೊರಡುವಾಗ ಅಚ್ಚಿಗೆ ಎಣ್ಣೆ ಸವರಿ, ಕಡೆಗೀಲನ್ನು ಮುಟ್ಟಿ ನೋಡದೆ ಎತ್ತುಗಳನ್ನು ಹೂಡುತ್ತಿರಲಿಲ್ಲ. ಕೀಲು ಕಳಚಿದರೆ ಬಂಡಿ ನಡುದಾರಿಯಲ್ಲಿ ನಿಂತೀತು. ಆದರೆ ಆಕಾಶದಲ್ಲಿ ನಿಲ್ಲಲು ದಾರಿಯೆಲ್ಲಿ? ಈ ಪಾಠವನ್ನು ವಿಮಾನಲೋಕವು ಪ್ರಾಣಗಳನ್ನು ತೆತ್ತು ಕಲಿಯಬೇಕಾಯಿತು.

1935ನೆಯ ಇಸವಿ ಅಕ್ಟೋಬರ್ 30ರಂದು ಅಮೆರಿಕದ ಡೇಟನ್ ನಗರದ ಬಳಿಯ ರೈಟ್ ಫೀಲ್ಡಿನಲ್ಲಿ ಬೋಯಿಂಗ್ ಸಂಸ್ಥೆಯ ನಾಲ್ಕು ಎಂಜಿನುಗಳ ಹೊಸ ಬಾಂಬರ್ ವಿಮಾನದ ಪರೀಕ್ಷೆ ನಡೆದಿತ್ತು. ಮೇಲೆದ್ದ ವಿಮಾನ ಮೂತಿಯನ್ನು ಎತ್ತಿ, ವೇಗ ಕುಂದಿ, ನೆಲಕ್ಕಪ್ಪಳಿಸಿ ಉರಿಯಿತು. ಮೇಜರ್ ಹಿಲ್ ಮತ್ತು ಸಂಸ್ಥೆಯ ಪರೀಕ್ಷಾ ಚಾಲಕ ಲೆಸ್ಲಿ ಟವರ್ ಮಡಿದರು. ಎಂಜಿನಿನಲ್ಲಿ ದೋಷವಿರಲಿಲ್ಲ. ನಿಂತ ವಿಮಾನದ ಚುಕ್ಕಾಣಿಗಳು ಗಾಳಿಗೆ ಬಡಿದಾಡದಂತೆ ಹಾಕುವ ಬೀಗವನ್ನು ತೆಗೆಯದೆಯೇ ಹಾರಿದ್ದರು! ನುರಿತವರೂ ಮರೆಯಬಲ್ಲರು ಎಂದು ತಿಳಿದ ಮೇಲೆ, ನೆನಪನ್ನು ನೆಚ್ಚದೆ ಬರೆದ ಪಟ್ಟಿಯನ್ನು ಓದಿ ನೋಡಿಕೊಳ್ಳುವ ಪದ್ಧತಿ ಬೇರೂರಿತು. ಅದೇ ವಿಮಾನದ ವಂಶದವು ಮುಂದೆ 12,000ಕ್ಕೂ ಹೆಚ್ಚು ತಯಾರಾದವು.

ಹೆಲಿಕಾಪ್ಟರಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಎಂಜಿನ್ ನಿಂತರೂ, ಇಳಿಯುವಾಗ ಎದುರಾಗುವ ಗಾಳಿಯೇ ಅಲಗುಗಳನ್ನು ತಿರುಗಿಸುವುದರಿಂದ ಕುಶಲ ಚಾಲಕನು ಅದನ್ನು ಮೆಲ್ಲಗೆ ಇಳಿಸಬಲ್ಲ. ಅಲಗೇ ಕಳಚಿದರೆ ಯಾವ ಕೌಶಲವೂ ನಡೆಯದು. ಆದ್ದರಿಂದಲೇ ಅವನು ಯಂತ್ರವನ್ನು ಒಂದು ಸುತ್ತು ಬಂದು ಅಲಗು, ತಿರುಪು, ಎಣ್ಣೆಯ ಮಟ್ಟ, ಬಾಲದ ಪಂಖಗಳನ್ನು ನೋಡುತ್ತಾನೆ. ಇಂಧನದಲ್ಲಿ ನೀರು ಬೆರೆತಿದೆಯೇ, ಅಲಗುಗಳಿಗೆ ಕಟ್ಟಿದ ಹಗ್ಗ ಬಿಚ್ಚಿದೆಯೇ ಎಂದು ಪರೀಕ್ಷಿಸುತ್ತಾನೆ.

ಕಣ್ಣಿಗೆ ಕಂಡದ್ದೇ ಎಲ್ಲವೂ ಅಲ್ಲ. 1968ರ ಆಗಸ್ಟ್ 14ರಂದು ಲಾಸ್ ಏಂಜಲಿಸಿನಿಂದ ಹೊರಟ ಹೆಲಿಕಾಪ್ಟರೊಂದು ಕಾಂಪ್ಟನ್ನಿನಲ್ಲಿ ಬಿದ್ದು ಅದರಲ್ಲಿದ್ದ 21 ಮಂದಿಯೂ ಸತ್ತರು. ಅಲಗನ್ನು ಹಿಡಿದಿದ್ದ ಲೋಹದ ದಂಡ ದಣಿದು ಬಿರಿದು ಮುರಿದಿತ್ತು. ಇಂಥ ಬಿರುಕು ಬರಿಗಣ್ಣಿಗೆ ಸುಲಭವಾಗಿ ಬೀಳದು. ಅದಕ್ಕೆಂದೇ ಮುಖ್ಯ ಭಾಗಗಳಿಗೆ ಇಂತಿಷ್ಟು ಗಂಟೆಗಳ ಆಯುಸ್ಸನ್ನು ಗೊತ್ತುಮಾಡಿ, ಕಾರ್ಖಾನೆಯಲ್ಲಿ ಬಿಚ್ಚಿ ಪರೀಕ್ಷಿಸುತ್ತಾರೆ. ಚಾಲಕನ ಕಣ್ಣೂ ಕಾರ್ಖಾನೆಯ ಉಪಕರಣವೂ ಒಂದಕ್ಕೊಂದು ಪೂರಕ.

ನಮ್ಮ ಬೆಂಗಳೂರಿನಲ್ಲಿಯೂ 1960ರ ದಶಕದಿಂದ ಚೇತಕ್ ಹೆಲಿಕಾಪ್ಟರುಗಳು ತಯಾರಾದವು. 1992ರಲ್ಲಿ ಧ್ರುವ ಮೊದಲ ಬಾರಿಗೆ ಹಾರಿತು. ತಲೆಯ ಮೇಲೆ ಆ ಸದ್ದು ಕೇಳಿದಾಗ, ಹಾರುವ ಮುನ್ನ ಕೆಲವು ನಿಮಿಷ ಅದನ್ನು ಸುತ್ತಿ ನೋಡಿದವನನ್ನೂ ನೆನೆಯೋಣ. ಯಾರೂ ಮೆಚ್ಚದ ಆ ನಿಮಿಷಗಳಲ್ಲಿಯೇ ಪಯಣಿಗರು ಮನೆಗೆ ಮರಳುವ ಭರವಸೆ ಅಡಗಿದೆ.