ದೇಗಾಂವದ ಕಲ್ಲು, ಅರಬ್ಬೀ ಸಮುದ್ರದ ಹೂಳು

ಕಿತ್ತೂರು ಸೀಮೆಯ ದೇಗಾಂವದಲ್ಲಿರುವ ಕಮಲನಾರಾಯಣ ಗುಡಿಯನ್ನು ಕಟ್ಟಿಸಿದವಳು ಗೋವೆಯ ಕದಂಬ ಅರಸ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ. ಕಟ್ಟಿದ ಸೂತ್ರಧಾರಿ ತಿಪ್ಪೋಜ. ಈ ಗುಡಿಯ ಕೆತ್ತನೆಯನ್ನು ಎಲ್ಲರೂ ಹೊಗಳುತ್ತಾರೆ. ಊರಿನ ಶಾಸನದಲ್ಲಿರುವ ಕಾಲದ ಲೆಕ್ಕವೂ ಅಷ್ಟೇ ಸೊಗಸಾದದ್ದು.

ಸುತ್ತಲಿನ ಅರಸರು ಶಾಲಿವಾಹನ ಶಕವನ್ನೋ 1076ರಲ್ಲಿ ಶುರುವಾದ ಚಾಲುಕ್ಯ ವಿಕ್ರಮ ಶಕವನ್ನೋ ಬಳಸುತ್ತಿದ್ದಾಗ ಶಿವಚಿತ್ತ ಕಲಿಯುಗದ ವರ್ಷ ಬರೆಸಿದ. ಹಲಸಿಯ ಶಾಸನದಲ್ಲಿ ಕಲಿ 4270, ವಿರೋಧಿ ಸಂವತ್ಸರ, ಆಳ್ವಿಕೆಯ 23ನೇ ವರ್ಷ ಎಂದಿದೆ. ದೇಗಾಂವದಲ್ಲಿ ಕಲಿ 4275, ಜಯ ಸಂವತ್ಸರ. ಬೆರಳು ಮಡಿಚಿ ಎಣಿಸಿ ನೋಡಿ: ವಿರೋಧಿ ಕಳೆದ ಮೇಲೆ ವಿಕೃತಿ, ಖರ, ನಂದನ, ವಿಜಯ, ಜಯ. ಐದು ವರ್ಷ. ಅಂಕಿಗಳ ಅಂತರವೂ ಐದೇ. 4275ರಲ್ಲಿ 3101 ಕಳೆದರೆ ಕ್ರಿ.ಶ. 1174. ಈ ಶಾಸನಗಳನ್ನು ಓದಿ ಪ್ರಕಟಿಸಿದ ಜೆ. ಎಫ್. ಫ್ಲೀಟ್ ನೆಚ್ಚಿಕೊಂಡದ್ದು ಇಂಥ ತಾಳೆಯನ್ನೇ.

ಬರೀ 'ಜಯ' ಎಂದಿದ್ದರೆ? ಜಯ ಸಂವತ್ಸರ 1114ರಲ್ಲೂ ಬಂದಿತ್ತು, 1234ರಲ್ಲೂ ಬಂತು. ಅರುವತ್ತು ವರ್ಷ ಆಚೀಚೆ ಜಾರಲು ತಡೆಯೇ ಇರುತ್ತಿರಲಿಲ್ಲ.

ಪ್ರಾಚೀನ ಹವಾಮಾನವನ್ನು ಹುಡುಕುವವರಿಗೂ ಇದೇ ಪೀಕಲಾಟ. ಗ್ರೀನ್‌ಲ್ಯಾಂಡಿನಲ್ಲಿ ವರ್ಷಕ್ಕೊಂದರಂತೆ ಕೂತ ಹಿಮದ ಪದರಗಳನ್ನು ಸುಮಾರು 60,000 ವರ್ಷದ ಹಿಂದಿನವರೆಗೂ ಎಣಿಸಿದ್ದಾರೆ. ಕಡಲ ತಳದ ಹೂಳಿನಲ್ಲಿ ಅಂಥ ಎಣಿಕೆ ಬಹುಪಾಲು ಆಗದು. ಕಾರ್ಬನ್-14 ಸುಮಾರು 50,000 ವರ್ಷಕ್ಕೆ ಕೈಚೆಲ್ಲುತ್ತದೆ. ಸಮುದ್ರದ ನೀರಿನಲ್ಲಿ ಹಳೆಯ ಇಂಗಾಲ ಬೆರೆತಿರುವುದರಿಂದ ಅಲ್ಲಿನ ಚಿಪ್ಪು ನಿಜಕ್ಕಿಂತ ನೂರಾರು ವರ್ಷ ಹಳೆಯದಾಗಿ ಕಾಣುತ್ತದೆ.

1998ರಲ್ಲಿ ಹಾರ್ಟ್‌ಮುಟ್ ಶುಲ್ಜ್ ಮತ್ತು ಸಂಗಡಿಗರು ಅರಬ್ಬೀ ಸಮುದ್ರದ ಹೂಳಿನ ಏರಿಳಿತವನ್ನು ಗ್ರೀನ್‌ಲ್ಯಾಂಡಿನ ಹಿಮದ ಏರಿಳಿತದೊಂದಿಗೆ 1,10,000 ವರ್ಷಗಳ ಉದ್ದಕ್ಕೂ ಹೋಲಿಸಿದರು. ಅಲ್ಲಿ ಬಿಸಿಯೇರಿದಾಗ ಇಲ್ಲಿ ಮುಂಗಾರು ಬಲಗೊಂಡು, ಜೈವಿಕ ಪದಾರ್ಥ ತುಂಬಿದ ಕಪ್ಪು ಹೂಳು ಕೂತಿತ್ತು. ನಮ್ಮ ಮಳೆಗೆ ಉತ್ತರ ಧ್ರುವದ ಕಡೆಯ ನಂಟಿದೆ ಎಂಬುದಕ್ಕೆ ಅದು ದೊಡ್ಡ ಸುಳಿವು. ಆದರೆ ಇಲ್ಲೊಂದು ಬಲೆಯೂ ಇದೆ. ಎರಡು ಗೆರೆಗಳ ಆಕಾರ ನೋಡಿಯೇ ಒಂದರ ಕಾಲವನ್ನು ಇನ್ನೊಂದಕ್ಕೆ ಅಂಟಿಸಿದ ಮೇಲೆ, 'ಎರಡೂ ಒಟ್ಟಿಗೇ ನಡೆದವು' ಎನ್ನುವುದು ಸಾಕ್ಷಿಯಾಗದು. ಅರಸನಿಂದ ಗುಡಿಯ ಕಾಲ ಹೇಳಿ, ಅದೇ ಗುಡಿಯಿಂದ ಅರಸನ ಕಾಲ ಹೇಳಿದರೆ ಯಾರು ಒಪ್ಪುತ್ತಾರೆ?

ಹಾಗಾಗಿ ಹವಾಮಾನಕ್ಕೆ ಸಂಬಂಧವಿಲ್ಲದ ಗುರುತು ಬೇಕು. ಸುಮಾರು 41,000 ವರ್ಷದ ಹಿಂದೆ ಭೂಮಿಯ ಕಾಂತಕ್ಷೇತ್ರ ತೀರಾ ಕುಗ್ಗಿತು. ವಿಶ್ವಕಿರಣಗಳ ಹೊಡೆತ ಹೆಚ್ಚಾಗಿ ಹಿಮದಲ್ಲಿ ಬೆರಿಲಿಯಂ-10 ಏರಿತು. ಹೂಳಿನ ಕಾಂತೀಯ ಕಣಗಳಲ್ಲೂ ಅದೇ ಘಟನೆ ದಾಖಲಾಯಿತು.

ಇನ್ನೊಂದು ಗುರುತು ಬೂದಿ. ಸುಮಾರು 74,000 ವರ್ಷದ ಹಿಂದೆ ಸುಮಾತ್ರಾದ ತೋಬಾ ಜ್ವಾಲಾಮುಖಿ ಸಿಡಿದಾಗ ಹಾರಿದ ಬೂದಿ ಅರಬ್ಬೀ ಸಮುದ್ರದ ಹೂಳಿನಲ್ಲೂ ಸಿಕ್ಕಿದೆ, ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರದ ನೆಲದಲ್ಲೂ ಸಿಕ್ಕಿದೆ. ಅಲ್ಲಿ ಅಗೆದ ತಂಡದಲ್ಲಿ ದೇಗಾಂವಕ್ಕೆ ದೂರವಲ್ಲದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಇದ್ದರು. ಬೂದಿಯ ಪದರದ ಕೆಳಗೂ ಮೇಲೂ ಮನುಷ್ಯರ ಕಲ್ಲಿನ ಆಯುಧಗಳು ದೊರೆತವೆಂದು ಆ ತಂಡ 2007ರಲ್ಲಿ ಪ್ರಕಟಿಸಿತು.