ಹೃದಯದೊಳಗಿನ ಗೆಡ್ಡೆ: ಕಂಡದ್ದು ಹೇಗೆ, ತೆಗೆದದ್ದು ಹೇಗೆ?



ಹೊಟ್ಟೆಯಲ್ಲಿ, ಗಂಟಲಿನಲ್ಲಿ, ಮಿದುಳಿನಲ್ಲಿ ಗೆಡ್ಡೆ ಬೆಳೆದ ಸಂಗತಿಯನ್ನು ನೀವು ಕೇಳಿರುತ್ತೀರಿ. ಹೃದಯದಲ್ಲಿ ಬೆಳೆದದ್ದನ್ನು ಕೇಳಿರಲಾರಿರಿ. ಶವಪರೀಕ್ಷೆಗಳ ಲೆಕ್ಕದಂತೆ ಹೃದಯದಲ್ಲೇ ಹುಟ್ಟುವ ಗೆಡ್ಡೆ ಸುಮಾರು 5,000 ಮಂದಿಯಲ್ಲಿ ಒಬ್ಬರಿಗೆ ಮಾತ್ರ. ಬೇರೆ ಅಂಗದ ಕ್ಯಾನ್ಸರ್ ಹೃದಯಕ್ಕೆ ಹರಡುವುದು ಇದಕ್ಕಿಂತ ಹತ್ತಾರು ಪಟ್ಟು ಹೆಚ್ಚು.

ಇಟಲಿಯ ಅಂಗರಚನಾ ಶಾಸ್ತ್ರಜ್ಞ ರಿಯಾಲ್ಡೊ ಕೊಲಂಬೊ 1559ರ ತನ್ನ ಗ್ರಂಥದಲ್ಲಿ ಇಂಥ ಗೆಡ್ಡೆಯನ್ನು ಉಲ್ಲೇಖಿಸಿದನೆಂದು ವೈದ್ಯ ಇತಿಹಾಸಕಾರರು ಹೇಳುತ್ತಾರೆ. ಆಮೇಲೆ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷ ಅದು ಶವಪರೀಕ್ಷೆಯ ಮೇಜಿನ ಮೇಲಷ್ಟೇ ಕಾಣುವ ರೋಗವಾಗಿತ್ತು. 1934ರಲ್ಲಿ ಅಮೆರಿಕದ ವೈದ್ಯರು ಇಸಿಜಿ ಹಾಗೂ ದುಗ್ಧಗ್ರಂಥಿಯ ತುಣುಕಿನ ಪರೀಕ್ಷೆಯಿಂದ, ಬದುಕಿದ್ದ ರೋಗಿಯಲ್ಲೇ ಹೃದಯದ ಕ್ಯಾನ್ಸರನ್ನು ಗುರುತಿಸಿದರು. ಗುರುತಿಸಿದರು ಅಷ್ಟೆ, ಮಾಡುವುದಕ್ಕೆ ಏನೂ ಇರಲಿಲ್ಲ.

ದೊಡ್ಡವರಲ್ಲಿ ಹೆಚ್ಚಾಗಿ ಕಾಣುವುದು ಮಿಕ್ಸೋಮಾ. ಇದು ಕ್ಯಾನ್ಸರ್ ಅಲ್ಲ. ಲೋಳೆಯಂಥ ಮೆತ್ತನೆಯ ಈ ಮುದ್ದೆ ಸಾಮಾನ್ಯವಾಗಿ ಎಡ ಹೃತ್ಕರ್ಣದಲ್ಲಿ, ನಡುಗೋಡೆಗೆ ತೊಟ್ಟಿನಿಂದ ಅಂಟಿಕೊಂಡು ತೂಗಾಡುತ್ತಿರುತ್ತದೆ. ಹೃದಯ ಬಡಿದಂತೆ ಅದು ಕೆಳಗಿನ ಕವಾಟಕ್ಕೆ ಬಂದು ಅಡ್ಡ ನಿಲ್ಲುತ್ತದೆ. ಆಲಂಕಾರಿನ ತೋಟದಲ್ಲಿ ಅಡಿಕೆ ಹೆಕ್ಕಲು ಬಗ್ಗಿದವರೊಬ್ಬರಿಗೆ ತಲೆ ಸುತ್ತಿ ಬಂದು, ಭಂಗಿ ಬದಲಿಸಿದೊಡನೆ ಸರಿಹೋಯಿತೆಂದು ಭಾವಿಸಿ. ಬಿಸಿಲೆಂದೋ ಪಿತ್ತವೆಂದೋ ಸುಮ್ಮನಾಗುವುದು ಸಹಜ. ವೈದ್ಯರೂ ಮೋಸಹೋಗಬಹುದು. ನಮ್ಮ ದೇಶದಲ್ಲಿ ರುಮ್ಯಾಟಿಕ್ ಜ್ವರದಿಂದ ಇದೇ ಕವಾಟ ಕಿರಿದಾಗುವುದು ಬಹಳ. ಸ್ತೆತಾಸ್ಕೋಪಿನಲ್ಲಿ ಎರಡರ ಸದ್ದೂ ಹೆಚ್ಚು ಕಡಿಮೆ ಒಂದೇ. ಇಸಿಜಿ ಪಟ್ಟಿಯಲ್ಲಿ ಗೆಡ್ಡೆ ಕಾಣುವುದಿಲ್ಲ. ಅಷ್ಟರಲ್ಲಿ ಒಂದು ಚೂರು ಕಳಚಿ ರಕ್ತದೊಡನೆ ಮಿದುಳಿಗೆ ಹೋದರೆ ಪಾರ್ಶ್ವವಾಯು.

1950ರ ದಶಕದ ಆರಂಭದಲ್ಲಿ ಬಣ್ಣದ ದ್ರವ ಹರಿಸಿ ಎಕ್ಸ್‌ರೇ ತೆಗೆಯುವ ಆಂಜಿಯೋಗ್ರಫಿಯಿಂದ ಅಮೆರಿಕದಲ್ಲಿ ಮಿಕ್ಸೋಮಾ ಗುರುತಿಸಿದರು. ತೆಗೆಯಲು ಹೋದ ರೋಗಿ ಉಳಿಯಲಿಲ್ಲ. ಬಡಿಯುವ, ರಕ್ತ ತುಂಬಿದ ಹೃದಯವನ್ನು ತೆರೆಯುವುದಾದರೂ ಹೇಗೆ? ಉತ್ತರ ಕೊಟ್ಟವನು ಫಿಲಡೆಲ್ಫಿಯಾದ ಜಾನ್ ಗಿಬ್ಬನ್. 1953ರ ಮೇ 6ರಂದು ಅವನ ಹೃದಯ-ಶ್ವಾಸಕೋಶ ಯಂತ್ರ ಒಬ್ಬ ತರುಣಿಯ ರಕ್ತವನ್ನು ದೇಹದ ಹೊರಗೇ ಶುದ್ಧಗೊಳಿಸಿ ಹರಿಸಿತು. ಮರುವರ್ಷ, 1954ರಲ್ಲಿ, ಸ್ವೀಡನ್ನಿನ ಕ್ಲಾರೆನ್ಸ್ ಕ್ರಾಫೋರ್ಡ್ ಇಂಥ ಯಂತ್ರದ ನೆರವಿನಿಂದ 40 ವರ್ಷದ ಮಹಿಳೆಯ ಮಿಕ್ಸೋಮಾ ತೆಗೆದರು. ಆಕೆ ಬದುಕಿದಳು.

ಅದೇ ಸ್ವೀಡನ್ನಿನ ಲುಂಡ್ ಪಟ್ಟಣದಲ್ಲಿ 1953ರಲ್ಲಿ ನಡೆದದ್ದು ನನಗೆ ಇನ್ನೂ ಸ್ವಾರಸ್ಯವೆನಿಸುತ್ತದೆ. ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್, ಲೋಹದೊಳಗಿನ ಬಿರುಕು ಹುಡುಕುವ ಯಂತ್ರವನ್ನು ಎರವಲು ತಂದು ಎದೆಯ ಮೇಲಿಟ್ಟರು. ಶ್ರವಣಾತೀತ ಧ್ವನಿ ಹೃದಯಕ್ಕೆ ತಾಗಿ ಮರಳಿ ಬಂತು. ಎಕೋ ಪರೀಕ್ಷೆ ಹುಟ್ಟಿದ್ದು ಹೀಗೆ. 1959ರಲ್ಲಿ ಜರ್ಮನಿಯ ವೈದ್ಯರು ಅದರಿಂದಲೇ ಎಡ ಹೃತ್ಕರ್ಣದ ಗೆಡ್ಡೆಯನ್ನು ಕಂಡರು. ರಕ್ತನಾಳದಲ್ಲಿ ಕೊಳವೆ ತೂರಿಸಬೇಕಾಗಿಲ್ಲ, ಕೊಳವೆ ತಾಗಿ ಗೆಡ್ಡೆಯ ಚೂರು ಕಳಚುವ ಭಯವಿಲ್ಲ. ಆ 1953ರಲ್ಲೇ ನಮ್ಮ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭವಾಯಿತು. 1960ರ ದಶಕದ ಆರಂಭದಲ್ಲಿ ವೆಲ್ಲೂರಿನಲ್ಲಿ ಡಾ. ಎನ್. ಗೋಪಿನಾಥ್ ತೆರೆದ ಹೃದಯದ ಶಸ್ತ್ರಚಿಕಿತ್ಸೆ ನಡೆಸಿದರು. ಇಂದು ಆಲಂಕಾರಿನವರು ಉಪ್ಪಿನಂಗಡಿ ದಾಟಿ ಮಂಗಳೂರಿಗೆ ಹೋದರೆ ಎಕೋವೂ ಉಂಟು, ಹೃದಯದ ಶಸ್ತ್ರಚಿಕಿತ್ಸೆಯೂ ಉಂಟು.

ಮಿಕ್ಸೋಮಾವನ್ನು ತೊಟ್ಟಿನ ಬುಡಸಹಿತ ತೆಗೆದರೆ ಬಹುತೇಕರಿಗೆ ಮತ್ತೆ ಬರುವುದಿಲ್ಲ. ಕೆಲವು ಕುಟುಂಬಗಳಲ್ಲಿ ಮಾತ್ರ ಮರುಕಳಿಸುತ್ತದೆ. ಅಂಥ ವಂಶವಾಹಿ ರೋಗವನ್ನು 1985ರಲ್ಲಿ ಅಮೆರಿಕದ ಕಾರ್ನಿ ವಿವರಿಸಿದರು. ಎಳೆಮಕ್ಕಳ ರ‍್ಯಾಬ್ಡೊಮಯೋಮಾ ಎಂಬ ಗೆಡ್ಡೆ ಹೆಚ್ಚಾಗಿ ತಾನಾಗಿಯೇ ಕುಗ್ಗುವುದರಿಂದ, ತೊಂದರೆ ಕೊಡದಿದ್ದರೆ ವೈದ್ಯರು ಕಾದು ನೋಡುತ್ತಾರೆ. ಸಾರ್ಕೋಮಾದ ಕಥೆಯೇ ಬೇರೆ. ಎಂಆರ್‌ಐ, ಸಿಟಿಗಳಲ್ಲಿ ಅದರ ಹಬ್ಬುವಿಕೆ ಸ್ಪಷ್ಟವಾಗಿ ಕಾಣುತ್ತದೆ. ಶಸ್ತ್ರಚಿಕಿತ್ಸೆ, ಔಷಧಿ ಎರಡನ್ನೂ ಬಳಸುತ್ತಾರೆ. ಆದರೂ ಪತ್ತೆಯಾಗುವ ಹೊತ್ತಿಗೆ ಅದು ಅನೇಕರಲ್ಲಿ ಶ್ವಾಸಕೋಶ ತಲುಪಿರುತ್ತದೆ.