ಆರೇ ಗುಡ್ಡಗಳ ಪಾಡಾಗಳು: ಒಂದು ಸ್ಥಳೇತಿಹಾಸ ವಿವೇಚನೆ

ಮುಂಬಯಿಯ ಗೋರೆಗಾಂವ್ ನಿಲ್ದಾಣದಿಂದ ಮೂಡಲಿಗೆ ಹೊರಟು, ಹೆದ್ದಾರಿಯನ್ನು ದಾಟಿ ಆರೇ ಗುಡ್ಡಗಳನ್ನೇರುವವರಿಗೆ ದನದ ಕೊಟ್ಟಿಗೆಗಳಾಚೆ ಹಳ್ಳದ ಬದಿಯಲ್ಲಿ ಪ್ರಜಾಪುರಪಾಡಾ, ಖಾಂಬಾಚಾ ಪಾಡಾ, ಜೀವಾಚಾ ಪಾಡಾ ಮೊದಲಾದ ಪುಟ್ಟ ನೆಲೆಗಳು ಕಾಣಸಿಗುತ್ತವೆ. ಬಹುಮಟ್ಟಿಗೆ ವಾರ್ಲಿ ಜನಾಂಗದವರು ವಾಸಿಸುವ ಈ ಪಾಡಾಗಳಿಗೆ ತಮ್ಮದೆಂಬ ಪಂಚಾಯತಿಯಿಲ್ಲ. ಮಹಾನಗರಪಾಲಿಕೆಯ ಎಲ್ಲೆಯೊಳಗಿದ್ದೂ ಅವು ನಗರವಾಗಿಲ್ಲ. ಇಂತಹ ವಸತಿಯ ಚರಿತ್ರೆಯನ್ನು ದಫ್ತರಗಳಿಗಿಂತ ಮೊದಲು ನೆಲದ ಇಳಿಜಾರಿನಲ್ಲಿಯೂ ನೀರಿನ ಹರಿವಿನಲ್ಲಿಯೂ ಅರಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಸಾಷ್ಟಿ ದ್ವೀಪದ ಈ ಕಪ್ಪುಶಿಲೆಯ ಗುಡ್ಡಗಳು ಜಲವಿಭಾಜಕಗಳು. ಪಡುವಣ ಇಳಿಜಾರಿನ ನೀರು ಓಶಿವರಾ ಹೊಳೆಯಾಗಿ ಮಲಾಡಿನ ಖಾಡಿಗೂ, ಮೂಡಣದ್ದು ಮೀಠಿಯನ್ನು ಕೂಡಿ ಮಾಹೀಮಿನ ಖಾಡಿಗೂ ಇಳಿಯುತ್ತದೆ. ಮಳೆಗಾಲದ ಭತ್ತಕ್ಕೆ ತೇವವನ್ನೂ, ಬೇಸಗೆಯ ಕಾಯಿಪಲ್ಯಕ್ಕೆ ಬಾವಿಯನ್ನೂ ಒದಗಿಸುವ ತಗ್ಗುಗಳೇ ಇಲ್ಲಿ ಕೃಷಿಗೆ ಯೋಗ್ಯವಾದ ಸ್ಥಾನಗಳು. ಹುಲಿ ಚಿರತೆಗಳ ಅಧಿದೇವತೆಯಾದ ವಾಘೋಬನ ಪೂಜೆಯಾದರೋ ಆ ತಗ್ಗುಗಳ ಬೇಸಾಯಗಾರನೂ ಕಾಡಿನ ಮೃಗವೂ ಒಂದೇ ಸೀಮೆಯನ್ನು ಹಂಚಿಕೊಂಡ ಬಾಳಿನ ಸಾಕ್ಷ್ಯ.

ಇದೇ ಬೆಟ್ಟಸಾಲಿನ ಉತ್ತರಕ್ಕಿರುವ ಕಾನ್ಹೇರಿಯ ಗುಹೆಗಳಲ್ಲಿ ನಮ್ಮ ನೃಪತುಂಗನ, ಎಂದರೆ ಅಮೋಘವರ್ಷನ, ಹೆಸರನ್ನುಳ್ಳ ಶಾಸನಗಳುಂಟು. ಶಕ 765ರದು ಶಿಲಾಹಾರ ಸಾಮಂತ ಪುಲ್ಲಶಕ್ತಿಯ ಕಾಲದ್ದು; 799ರದು ಕಪರ್ದಿಯ ಕಾಲದ್ದು. ಕನ್ನಡ ನಾಡಿನ ಅರಸನ ಅಧಿಕಾರವು ಈ ಕಾಡಿನವರೆಗೂ ಹಬ್ಬಿದ್ದುದನ್ನು ಕಂಡು ಹಿಗ್ಗದ ಕನ್ನಡಿಗನಿಲ್ಲ. ಆದರೆ ಆ ಶಿಲಾಲೇಖಗಳು ವಿಹಾರಕ್ಕೆ ಕೊಟ್ಟ ದತ್ತಿಯನ್ನು ಹೇಳುವುದಕ್ಕಾಗಿ ಹುಟ್ಟಿದವು. ಸುತ್ತಣ ಕಾಡಿನಲ್ಲಿ ಬಾಳಿದವರ ಮಾತು ಅವುಗಳ ಪ್ರಯೋಜನದೊಳಗೆ ಬರುವಂತಿರಲಿಲ್ಲ.

ಅರ್ವಾಚೀನ ದಫ್ತರಗಳೂ ಬೇರೆ ಬಗೆಯಲ್ಲಿ ಹಾಗೆಯೇ ನಡೆದುಕೊಂಡವು. ನಗರದ ಎಮ್ಮೆಗಳನ್ನು ಊರಾಚೆಗೆ ಸಾಗಿಸುವ ಸಲುವಾಗಿ 1949ರಲ್ಲಿ ಆರಂಭವಾದ, ಅಧಿಕಾರಿ ದಾರಾ ಖುರೋಡಿಯವರ ದಕ್ಷತೆಗೆ ಹೆಸರಾದ ಆರೇಯ ಕ್ಷೀರವಸಾಹತು 3,000 ಎಕರೆಗೂ ಮಿಕ್ಕ ನೆಲವನ್ನು ಒಳಗೊಂಡಿತು. 1951ರಲ್ಲಿ ನೆಹರೂ ಅವರು ಅದನ್ನು ಉದ್ಘಾಟಿಸಿದರು. 1977ರಲ್ಲಿ ಮಗ್ಗುಲಲ್ಲೇ ಚಿತ್ರನಗರಿ ಎದ್ದಿತು. ಹಾಲಿನ ಯೋಜನೆ ಲೋಕೋಪಕಾರಿಯಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೂ ಪಾಡಾದ ಗದ್ದೆಯು ಅಂದಿನಿಂದ ದಫ್ತರಗಳಲ್ಲಿ ಪರರ ಸೊತ್ತಿನ ಮೇಲಣ ಬೇಸಾಯವೆನಿಸಿತೆಂಬ ಸಂಗತಿ ಮನಸ್ಸನ್ನು ನೋಯಿಸುತ್ತದೆ.

ನೆಲಕ್ಕಿಟ್ಟ ಹೆಸರಿನ ಫಲ ಅಲ್ಪವಲ್ಲ. ಆರೇಯನ್ನು ಅರಣ್ಯವೆಂದು ಘೋಷಿಸಬೇಕೆಂಬ ಅರ್ಜಿಯನ್ನು 2019ರ ಅಕ್ಟೋಬರ್ 4ರಂದು ಉಚ್ಚ ನ್ಯಾಯಾಲಯವು ತಳ್ಳಿಹಾಕಿದ ರಾತ್ರಿಯೇ ಮೆಟ್ರೋ ಗಾಡಿಗಳ ತಂಗುದಾಣಕ್ಕಾಗಿ ಮರಗಳನ್ನು ಕಡಿಯತೊಡಗಿದರು. ಮುಂದಿನ ವರ್ಷ ಸರಕಾರವೇ 800 ಎಕರೆಗೂ ಹೆಚ್ಚು ನೆಲವನ್ನು ಕಾದಿಟ್ಟ ಅರಣ್ಯವನ್ನಾಗಿಸಲು ಮುಂದಾಯಿತು. 2006ರ ಅರಣ್ಯಹಕ್ಕು ಕಾಯಿದೆಯು ಅರಣ್ಯಭೂಮಿಗೆ ಮಾತ್ರ ಅನ್ವಯಿಸುವುದರಿಂದ ವಾರ್ಲಿಗಳ ಪಾಲಿಗೆ ಇದು ಬರಿಯ ಪರಿಭಾಷೆಯ ಜಿಜ್ಞಾಸೆಯಲ್ಲ. ಆ ಕಾಯಿದೆಯ 2008ರ ನಿಯಮಗಳು ಬಾವಿ, ಮನೆ, ಸ್ಮಶಾನ, ದೇವರಬನಗಳನ್ನೂ, ಬರಹಕ್ಕಿಳಿಸಿದ ಹಿರಿಯರ ಹೇಳಿಕೆಯನ್ನೂ ಪ್ರಮಾಣವಾಗಿ ಅಂಗೀಕರಿಸುತ್ತವೆ; ಪಾಡಾಗಳ ಇತಿಹಾಸವನ್ನು ಬರೆಯಹೊರಟ ಸಂಶೋಧಕನು ಒಂದೊಂದು ಹಳ್ಳದ ಗುಂಟ ನಡೆದು ಮೊದಲು ಸಂಗ್ರಹಿಸತಕ್ಕದ್ದೂ ಈ ಆಧಾರಗಳನ್ನೇ.